ಪ್ಯಾರಾಸೇಲಿಂಗ್: ಜಾಕೆಟ್ ನೋಡಿದಿರಿ, ಹಗ್ಗ ನೋಡಿದಿರಾ?

ಎರಡು ವರ್ಷದ ಹಿಂದೆ ಡಿಸೆಂಬರ್ ರಜೆಯಲ್ಲಿ ತಂಗಿ ಮಗಳನ್ನು ಕರೆದುಕೊಂಡು ಬೀಚಿಗೆ ಹೋಗಿದ್ದೆ. ಹನ್ನೊಂದು ವರ್ಷದ ಹುಡುಗಿ. ಸಮುದ್ರದ ಮೇಲೆ ತೇಲುತ್ತಿದ್ದ ಬಣ್ಣದ ಕೊಡೆ ಕಂಡಿದ್ದೇ ತಡ, "ದೊಡ್ಡಮ್ಮಾ, ನಂಗೂ ಅದು ಬೇಕು" ಎಂದು ಹಟ ಹಿಡಿದಳು. ಟಿಕೆಟ್ ಹರಿದುಕೊಟ್ಟ ಹುಡುಗ ರಾಶಿಯಿಂದ ಒಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಎಳೆದು ಅವಳಿಗೆ ತೊಡಿಸಿದ. ಎದೆಯ ಹತ್ತಿರದ ಬಕಲ್ ಮುರಿದಿತ್ತು. ಅದರ ಜಾಗದಲ್ಲಿ ಒಂದು ಲಾಡಿ ಕಟ್ಟಿದ್ದರು.

ನಾನು ಜಾಕೆಟ್ಟಿನ ಎರಡೂ ಭುಜ ಹಿಡಿದು ಮೇಲಕ್ಕೆ ಎತ್ತಿ ನೋಡಿದೆ. ಜಾಕೆಟ್ ಮಾತ್ರ ಮೇಲೆ ಬಂತು, ಅವಳ ಕಿವಿಯ ತನಕ. ಹುಡುಗಿ ನಿಂತಲ್ಲೇ ನಿಂತಿದ್ದಳು. "ಏನಾಗಲ್ಲ ಅಕ್ಕಾ, ದಿನಾ ಎಷ್ಟೊಂದು ಮಕ್ಕಳು ಹಾರ್ತಾರೆ" ಎಂದ ಹುಡುಗ.

ಅವತ್ತು ಹಾರಲಿಲ್ಲ. ಅವಳು ಎರಡು ದಿನ ಮಾತು ಬಿಟ್ಟಳು. ಊರಿಗೆ ಬಂದ ಮೇಲೆ ಸುಮ್ನೆ ಕುತೂಹಲಕ್ಕೆ ಈ ಆಟದ ಸಾಮಾನುಗಳ ಬಗ್ಗೆ ಓದತೊಡಗಿದೆ. ಜಾಕೆಟ್ ಬಗ್ಗೆ ನಾನು ಜಗಳ ಮಾಡಿದ್ದು ಸರಿಯೇ. ಆದರೆ ಮೊದಲು ನೋಡಬೇಕಾಗಿದ್ದ ವಸ್ತುವನ್ನು ನಾನು ತಿರುಗಿಯೂ ನೋಡಿರಲಿಲ್ಲ. ಅದು ಬೋಟಿನಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು.

ಮೊದಲು ಈ ಆಟ ಏನು ಅಂತ ನೋಡೋಣ. ಪ್ಯಾರಾಗ್ಲೈಡಿಂಗ್ ಮತ್ತು ಪ್ಯಾರಾಸೇಲಿಂಗ್ ಒಂದೇ ಅಂದುಕೊಂಡವರು ಬೇಕಾದಷ್ಟು ಜನ. ಪ್ಯಾರಾಗ್ಲೈಡಿಂಗ್‌ನಲ್ಲಿ ತರಬೇತಿ ಪಡೆದ ಪೈಲಟ್ ಎಳೆಗಳನ್ನು ಎಳೆದು ಎಡಕ್ಕೆ, ಬಲಕ್ಕೆ ತಿರುಗಿಸುತ್ತಾನೆ. ಪ್ಯಾರಾಸೇಲಿಂಗ್‌ನಲ್ಲಿ ಓಡುವ ಬೋಟು ಕೊಡೆಯನ್ನು ಹಗ್ಗದಿಂದ ಎಳೆಯುತ್ತದೆ, ಮೇಲಿರುವವರ ಕೈಯಲ್ಲಿ ಏನೂ ಇಲ್ಲ. ನೀವು ಗಾಳಿಪಟದ ಬಾಲಂಗೋಚಿ, ಸೂತ್ರ ಬೋಟಿನವನ ಹತ್ತಿರ. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಪಿಯರ್ ಲೆಮ್ವಾನ್ ಎಂಬ ಎಂಜಿನಿಯರ್ ದುಂಡಗಿನ ಪ್ಯಾರಾಚೂಟಿನಲ್ಲಿ ಅಲ್ಲಲ್ಲಿ ಸೀಳು ಬಿಟ್ಟ. ಗಾಳಿ ಆ ಸೀಳುಗಳಿಂದ ಹಿಂದಕ್ಕೆ ಹೊರಬೀಳುತ್ತದೆ, ಕೊಡೆ ತೂರಾಡದೆ ನಿಲ್ಲುತ್ತದೆ. ಇವತ್ತು ಬೀಚಿನಲ್ಲಿ ಕಾಣುವ ಕೊಡೆಗಳೆಲ್ಲ ಹೆಚ್ಚುಕಡಿಮೆ ಅದರ ಮೊಮ್ಮಕ್ಕಳು.

ಬೋಟಿನ ಮೇಲೆ ವಿಂಚ್ ಇರುತ್ತದೆ, ಅಂದರೆ ಹಗ್ಗ ಬಿಡುವ, ಸುತ್ತುವ ರಾಟೆ. ಅದರಿಂದ ಹೊರಟ ಹಗ್ಗ ಕೊಡೆಯ ಕೆಳಗಿರುವ ಒಂದು ಅಡ್ಡ ಸರಳಿನ ಜೋಡಣೆಗೆ ಬಂದು ಸೇರುತ್ತದೆ. ಅಲ್ಲಿಂದ ಉಕ್ಕಿನ ಕೊಂಡಿಗಳು. ಕೊಂಡಿಗೆ ಹಾರ್ನೆಸ್, ಅಂದರೆ ನೀವು ಕೂರುವ ಪಟ್ಟಿಯ ಕಟ್ಟು. ಹಾರ್ನೆಸ್ ಒಳಗೆ ನೀವು. ನಿಮ್ಮ ಮೈಮೇಲೆ ಜಾಕೆಟ್. ಈ ಸಾಲಿನಲ್ಲಿ ಜಾಕೆಟ್ ಬರುವುದು ಕೊನೆಗೆ. ಮಿಕ್ಕಿದ್ದೆಲ್ಲ ಕೈಕೊಟ್ಟ ಮೇಲೆ ಅದರ ಕೆಲಸ ಶುರು. ನಮ್ಮ ಕಣ್ಣು ಮಾತ್ರ ಮೊದಲು ಹೋಗುವುದು ಅಲ್ಲಿಗೇ.

ಹಾಗಂತ ಜಾಕೆಟ್ ಬೇಡ ಅಂತಲ್ಲ. 2021ರ ನವೆಂಬರಿನಲ್ಲಿ ದಿಯುವಿನ ನಾಗೋವಾ ಬೀಚಿನಲ್ಲಿ ಒಂದು ಜೋಡಿ ಮೇಲೆ ಹಾರುತ್ತಿದ್ದಾಗ ಹಗ್ಗ ಪಟ್ಟಂತ ತುಂಡಾಯಿತು. ಬೋಟಿನಿಂದ ತೆಗೆದ ಆ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು, ನೆನಪಿದೆಯಾ? ಇಬ್ಬರೂ ಸಮುದ್ರಕ್ಕೆ ಬಿದ್ದರು. ಲೈಫ್ ಜಾಕೆಟ್ ಇತ್ತು, ಬದುಕಿಕೊಂಡರು. ಅದನ್ನು ನೋಡಿದವರೆಲ್ಲ "ಜಾಕೆಟ್ ಇದ್ದಿದ್ದಕ್ಕೆ ಬಚಾವಾದರು" ಎಂದರು. ನಿಜವೇ. ಆದರೆ ಹಗ್ಗ ಯಾಕೆ ತುಂಡಾಯಿತು ಅಂತ ಕೇಳಿದವರು ಕಡಿಮೆ.

ಹಗ್ಗ ಯಾಕೆ ತುಂಡಾಗುತ್ತದೆ ಅಂತ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು. ಹೆದರಬೇಡಿ, ಎಂಟನೇ ಕ್ಲಾಸಿನ ಲೆಕ್ಕ. ಗಾಳಿಯ ವೇಗ ಎರಡು ಪಟ್ಟಾದರೆ ಕೊಡೆಯ ಮೇಲಿನ ಎಳೆತ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. 9 ಮೀಟರ್ ಅಗಲದ ಕೊಡೆ ಇದೆ ಅಂತ ಇಟ್ಟುಕೊಳ್ಳಿ. ಅದಕ್ಕೆ ತಾಗುವ ಗಾಳಿ ಗಂಟೆಗೆ 36 ಕಿಲೋಮೀಟರ್ ಇದ್ದರೆ ಹಗ್ಗದ ಮೇಲೆ ಅಂದಾಜು 300 ಕಿಲೋ ತೂಕ ನೇತುಹಾಕಿದಂತೆ. ಇದು ಬರಿಯ ಗಾಳಿಯಲ್ಲ, ಗಾಳಿಯ ವೇಗ ಮತ್ತು ಎದುರಿಗೆ ಓಡುವ ಬೋಟಿನ ವೇಗ ಎರಡೂ ಕೂಡಿ. ಈಗ ಒಂದು ಬಿರುಸಾದ ಗಾಳಿ ಬಂದು ಅದು 54 ಆಯಿತು ಅನ್ನಿ. ವೇಗ ಒಂದೂವರೆ ಪಟ್ಟು ಅಷ್ಟೆ. ಎಳೆತ ಮಾತ್ರ ಎರಡೂಕಾಲು ಪಟ್ಟು, ಅಂದಾಜು 675 ಕಿಲೋ ಆಗುತ್ತದೆ. ಮೇಲೆ ಕೂತವರಿಗೆ "ಓಹ್, ಸ್ವಲ್ಪ ಎತ್ತರ ಹೋದೆವು" ಅನ್ನಿಸಬಹುದು. ಹಗ್ಗಕ್ಕೆ ಅನ್ನಿಸುವುದೇ ಬೇರೆ.

ಅದಕ್ಕೆ ಇನ್ನೂ ಗಟ್ಟಿ ಹಗ್ಗ ತಂದರಾಯ್ತಲ್ವಾ ಅಂತ ನಾನೂ ಅಂದುಕೊಂಡೆ. ಇಲ್ಲೇ ಒಂದು ಚಿಕ್ಕ ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಗಂಟು. ಹಗ್ಗವನ್ನು ಯಾವುದಕ್ಕಾದರೂ ಕಟ್ಟಬೇಕಾದರೆ ಗಂಟು ಹಾಕಬೇಕು. ಗಂಟಿನ ಒಳಗೆ ಹಗ್ಗ ಚೂಪಾಗಿ ಬಾಗುತ್ತದೆ. ಬಾಗಿದ ಕಡೆ ಹೊರಗಿನ ಎಳೆಗಳೇ ಎಲ್ಲ ಭಾರ ಹೊರುತ್ತವೆ, ಒಳಗಿನವು ಸುಮ್ಮನೆ ಮುದುಡಿಕೊಂಡಿರುತ್ತವೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2014ರಲ್ಲಿ ಪ್ಯಾರಾಸೇಲಿಂಗ್ ಬಗ್ಗೆಯೇ ಒಂದು ವಿಶೇಷ ವರದಿ ತಂದಿತು. ಈ ಆಟದಲ್ಲಿ ಸಾಮಾನ್ಯವಾಗಿ ಹಾಕುವ ಗಂಟು ಹಗ್ಗದ ಬಲವನ್ನು ಶೇಕಡಾ 70ರವರೆಗೂ ಇಳಿಸಬಹುದು ಅಂತ ಅದು ಹೇಳಿತು.

ಈಗ ಅಂಗಡಿಯಲ್ಲಿ "2,000 ಕಿಲೋ ತಡೆಯುತ್ತೆ ಸಾರ್" ಎಂದು ಕೊಟ್ಟ ಹೊಸ ಹಗ್ಗವನ್ನು ಈ ಲೆಕ್ಕಕ್ಕೆ ಹಾಕಿ ನೋಡಿ. ಗಂಟು ಬಿದ್ದ ಮೇಲೆ ಉಳಿಯುವುದು 600 ಕಿಲೋ. ಮೇಲೆ ಹೇಳಿದ ಬಿರುಗಾಳಿಯ ಎಳೆತ 675. ಹಗ್ಗ ಹೊಸದು, ಅಂಗಡಿಯವನು ಸುಳ್ಳು ಹೇಳಿಲ್ಲ, ಆದರೂ ತುಂಡಾಗುತ್ತದೆ. ಇನ್ನು ಬಿಸಿಲು, ಉಪ್ಪು, ಮರಳು ತಿಂದ ಹಳೆ ಹಗ್ಗದ ಕತೆ ನೀವೇ ಊಹಿಸಿಕೊಳ್ಳಿ.

ಗಂಟಿಗೆ ಬದಲು ಇನ್ನೊಂದು ದಾರಿ ಇದೆ. ಹಗ್ಗದ ತುದಿಯ ಎಳೆಗಳನ್ನು ಬಿಡಿಸಿ, ಅದೇ ಹಗ್ಗದ ಮೈಯೊಳಗೆ ಹೆಣೆದು ಒಂದು ಕಣ್ಣು, ಅಂದರೆ ಕುಣಿಕೆ ಮಾಡುವುದು. ಜಡೆ ಹೆಣೆದ ಹಾಗೆ. ಹಾಗೆ ಮಾಡಿದರೆ ಬಲ ಬಹುಪಾಲು ಉಳಿಯುತ್ತದೆ. ಆದರೂ ಬೋಟಿನವರು ಗಂಟನ್ನೇ ಇಷ್ಟಪಡುವುದಕ್ಕೆ ಒಂದು ಕಾರಣ ಇದೆ. ಹಗ್ಗ ಜಾಸ್ತಿ ಸವೆಯುವುದು ತುದಿಯಲ್ಲಿ. ಪ್ರತಿ ಸಲ ಕೊಡೆ ಏರುವಾಗ, ಇಳಿಯುವಾಗ ಜರ್ಕ್ ತಿನ್ನುವುದು ಆ ಕೊನೆಯ ಕೆಲವು ಅಡಿಗಳು. ಹಾಗಾಗಿ ಒಳ್ಳೆಯವರು ಆಗಾಗ ತುದಿಯನ್ನು ಕತ್ತರಿಸಿ ಎಸೆದು, ಹೊಸದಾಗಿ ಗಂಟು ಹಾಕುತ್ತಾರೆ. ಗಂಟಾದರೆ ಎರಡು ನಿಮಿಷದ ಕೆಲಸ. ಹೆಣೆಯಬೇಕಾದರೆ ಕೂತು ಮಾಡಬೇಕು. ನನ್ನ ಮಟ್ಟಿಗೆ ಯಾವುದಾದರೂ ಪರವಾಗಿಲ್ಲ, ಆದರೆ ಗಂಟು ಹಾಕುವವರು ಆ ಶೇಕಡಾ 70 ಕಳೆದು ಲೆಕ್ಕ ಹಾಕಿ ಹಗ್ಗ ಕೊಂಡಿರಬೇಕು.

ಹಗ್ಗದ ಜಾತಿಯೂ ಮುಖ್ಯ. ನಮ್ಮ ಕರಾವಳಿಯಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವ ಪ್ಲಾಸ್ಟಿಕ್ ಹಗ್ಗ ಪಾಲಿಪ್ರೊಪಿಲೀನ್. ನೀರಿನ ಮೇಲೆ ತೇಲುತ್ತದೆ, ಹಾಗಾಗಿ ಎಲ್ಲರಿಗೂ ಇಷ್ಟ. ಆದರೆ ಬಿಸಿಲಿಗೆ ಬೇಗ ಹಾಳಾಗುತ್ತದೆ. ಮುಟ್ಟಿದರೆ ಬಿಳಿ ಪುಡಿ ಉದುರುವ ಹಗ್ಗ ನೋಡಿದ್ದೀರಲ್ಲ, ಅದೇ. ಅದು ಎಮ್ಮೆ ಕಟ್ಟುವುದಕ್ಕೆ ಸರಿ, ಮನುಷ್ಯರನ್ನು ಹಾರಿಸುವುದಕ್ಕಲ್ಲ. ನೈಲಾನ್ ಚೆನ್ನಾಗಿ ಹಿಗ್ಗುತ್ತದೆ, ಜರ್ಕ್ ನುಂಗುತ್ತದೆ. ಆದರೆ ನೆನೆದಾಗ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಹಿಗ್ಗಿ ತುಂಡಾದರೆ ಚಾಟಿಯ ಹಾಗೆ ಬೋಟಿನ ಕಡೆಗೇ ಬೀಸಿ ಬರುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ನೆನೆದರೂ ಬಲ ಹೋಗುವುದಿಲ್ಲ, ಬಿಸಿಲನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಡೈನೀಮಾ ಹೆಸರಿನಲ್ಲಿ ಬರುವ ನೂಲು ಇದೆಲ್ಲಕ್ಕಿಂತ ಗಟ್ಟಿ, ತೇಲುತ್ತದೆ ಕೂಡ. ಆದರೆ ಬಲು ನುಣುಪು, ಗಂಟು ಜಾರುತ್ತದೆ. ಬಿಸಿ ಅಂದರೆ ಅದಕ್ಕಾಗದು, ಸುಮಾರು 145 ಡಿಗ್ರಿಗೆ ಕರಗುತ್ತದೆ. ಉಜ್ಜಿದರೆ ಅಷ್ಟು ಬಿಸಿ ಹುಟ್ಟುವುದು ಕಷ್ಟವೇನಲ್ಲ.

ಬೀಚಿನಲ್ಲಿ ನಿಂತ ನಮಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ತುದಿಯ ಎರಡು ಮಾರು ಹಗ್ಗವನ್ನು ಕೈಯಲ್ಲಿ ಹಿಡಿದು ಸವರಿ ನೋಡಿ, ಸಾಕು. ಹೊಸ ಹಗ್ಗದ ಮೈ ನುಣ್ಣಗಿರುತ್ತದೆ. ಹಳೆಯದು ಬೆಕ್ಕಿನ ಬಾಲದ ಹಾಗೆ ಜುಂಗು ಜುಂಗು. ಸ್ವಲ್ಪ ಜುಂಗು ಎಲ್ಲದಕ್ಕೂ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಕೆಲವು ಕಡೆ ತೆಳ್ಳಗಾಗಿದ್ದರೆ, ಬಗ್ಗಿಸಿದಾಗ ಕಡ್ಡಿಯ ಹಾಗೆ ಸೆಟೆದರೆ, ಒಂದು ಜಾಗದಲ್ಲಿ ಕರಗಿ ಹೊಳೆಯುತ್ತಿದ್ದರೆ, ನಡುವೆ ಇನ್ನೊಂದು ಗಂಟು ಹಾಕಿ ಜೋಡಿಸಿದ್ದರೆ, ಟಿಕೆಟ್ ದುಡ್ಡು ಹೋದರೂ ಹೋಗಲಿ, ತಿರುಗಿ ಬನ್ನಿ. "ಈ ಹಗ್ಗ ಯಾವಾಗ ತಂದಿದ್ದು?" ಅಂತ ಕೇಳಿ. ಪುಸ್ತಕ ತೆಗೆದು ತಾರೀಖು ತೋರಿಸಿದರೆ ಮೆಚ್ಚಬೇಕು. "ಮೊನ್ನೆ ಮೊನ್ನೆ" ಎಂದರೆ ಅರ್ಥ ಆಯಿತಲ್ಲ.

ಕೊಂಡಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಕ್ಯಾರಬಿನರ್ ಅನ್ನುವ ಈ ಕೊಂಡಿಯ ಬೆನ್ನ ಮೇಲೆ ಅಂಕಿ ಕೆತ್ತಿರುತ್ತಾರೆ. 22 ಕಿಲೋನ್ಯೂಟನ್ ಎಂದಿದ್ದರೆ ಸುಮಾರು 2,200 ಕಿಲೋ ತಡೆಯುತ್ತದೆ ಎಂದರ್ಥ. ಪಕ್ಕದಲ್ಲೇ ಸಾಮಾನ್ಯವಾಗಿ 7 ಅಂತ ಇನ್ನೊಂದು ಅಂಕಿ ಇರುತ್ತದೆ. ಬಾಗಿಲು ತೆರೆದಿದ್ದರೆ ಉಳಿಯುವ ಬಲ ಅದು. ಮೂರರಲ್ಲಿ ಒಂದು ಪಾಲು! ಆದ್ದರಿಂದಲೇ ತಿರುಪು ತಿರುಗಿಸಿ ಬಾಗಿಲು ಭದ್ರ ಮಾಡುವ ಬಗೆಯ ಕೊಂಡಿಯೇ ಬೇಕು. ಅಂಕಿಯೇ ಇಲ್ಲದ ಕೊಂಡಿ ಬೀಗದ ಕೈ ಗೊಂಚಲಿಗೆ ಲಾಯಕ್ಕು. ಉಪ್ಪುಗಾಳಿಗೆ ಅಲ್ಯೂಮಿನಿಯಂ ತೂತು ತೂತಾಗುತ್ತದೆ, ಹಾಗಾಗಿ ಸಮುದ್ರಕ್ಕೆ ಒಳ್ಳೆ ಸ್ಟೀಲಿನದೇ ಸರಿ.

ಹಾರ್ನೆಸ್‌ನಲ್ಲಿ ಬಣ್ಣ ನೋಡಿ. ಕೆಂಪು ಪಟ್ಟಿ ಗುಲಾಬಿಯಾಗಿದ್ದರೆ ಬಿಸಿಲು ಬಣ್ಣದ ಜೊತೆ ಬಲವನ್ನೂ ತಿಂದಿದೆ. ಒಗೆದು ಒಗೆದು ಮಾಸಿದ ಸೀರೆ ಎಳೆದರೆ ಹರಿಯುತ್ತದಲ್ಲ, ಹಾಗೆ. ಹೊಲಿಗೆಯ ಕಡೆ ಬೆರಳಾಡಿಸಿ. ದಾರ ಎದ್ದಿದ್ದರೆ, ಕೈಯಲ್ಲಿ ಮತ್ತೆ ಹೊಲಿದಿದ್ದರೆ ಬೇಡ. ತೊಡೆಯ ಸುತ್ತ ಬರುವ ಪಟ್ಟಿ ಎರಡೂ ಬಿಗಿಯಾಗಿರಬೇಕು. ಬಕಲ್ಲಿನಲ್ಲಿ ಪಟ್ಟಿ ಒಮ್ಮೆ ಹೋಗಿ ಮತ್ತೆ ವಾಪಸ್ ಬಂದಿರಬೇಕು. ಮಕ್ಕಳನ್ನು ದೊಡ್ಡವರ ಹಾರ್ನೆಸ್‌ನಲ್ಲಿ ಕೂರಿಸುವುದು ಅಪ್ಪನ ಚಪ್ಪಲಿ ಹಾಕಿ ಓಡಿಸಿದ ಹಾಗೆ. ಸೀರೆ, ದುಪ್ಪಟ್ಟಾ, ವೇಲ್ ಇವುಗಳನ್ನು ದಡದಲ್ಲಿ ಬಿಟ್ಟು ಹೋಗಿ. ಫೋಟೋ ಚೆಂದ ಬರುತ್ತದೆ, ಒಪ್ಪಿದೆ. ಆದರೆ ವಿಂಚು ತಿರುಗುವ ಬೋಟಿನಲ್ಲಿ ಸೆರಗು ಒಳ್ಳೆಯದಲ್ಲ.

ಈಗ ಮತ್ತೆ ಜಾಕೆಟ್ಟಿಗೆ ಬರೋಣ. ಒಳಗಿನ ಲೇಬಲ್ ಮೇಲೆ 50, 100, 150 ಎಂದು ನ್ಯೂಟನ್ ಲೆಕ್ಕ ಇರುತ್ತದೆ. 10 ನ್ಯೂಟನ್ ಅಂದರೆ ಹೆಚ್ಚುಕಡಿಮೆ 1 ಕಿಲೋ ಎತ್ತುವ ಬಲ. ನೀರಿನಲ್ಲಿ ನಮ್ಮ ಮೈ ತಾನಾಗಿಯೇ ಸಾಕಷ್ಟು ತೇಲುವುದರಿಂದ ಹೆಚ್ಚಿನವರ ತಲೆ ಮೇಲಿಡಲು 3ರಿಂದ 5 ಕಿಲೋ ಸಾಕು. ಹಾಗಾದರೆ 50ರದ್ದೇ ಸಾಕಲ್ವಾ? ಪ್ರಜ್ಞೆ ಇದ್ದು, ಈಜು ಬಂದರೆ ಸಾಕು. ಬಿದ್ದ ಪೆಟ್ಟಿಗೆ ಎಚ್ಚರ ತಪ್ಪಿ ಮುಖ ಕೆಳಗಾದರೆ 50ರ ಜಾಕೆಟ್ ತಿರುಗಿಸುವುದಿಲ್ಲ. 100 ಮತ್ತು ಅದಕ್ಕಿಂತ ಮೇಲಿನವನ್ನು ಮುಖ ಮೇಲೆ ಬರುವಂತೆ ತಿರುಗಿಸಲೆಂದೇ ಮಾಡಿರುತ್ತಾರೆ. 100 ಶಾಂತ ನೀರಿಗೆ, 150 ತೆರೆದ ಸಮುದ್ರಕ್ಕೆ. ಈಜು ಬಾರದ ನಮ್ಮಂಥವರು 50 ಅಂತ ಕಂಡರೆ ಬದಲಾಯಿಸಿ ಕೇಳಬೇಕು.

ತಂಗಿ ಮಗಳ ಮೇಲೆ ಮಾಡಿದ ಪರೀಕ್ಷೆ ಎಲ್ಲರಿಗೂ ಆಗುತ್ತದೆ. ಬಕಲ್ ಹಾಕಿದ ಮೇಲೆ ಭುಜ ಹಿಡಿದು ಎತ್ತಿ. ಗಲ್ಲ ದಾಟಿ ಮೇಲೆ ಬಂದರೆ ಅದು ಅಳತೆಯದ್ದಲ್ಲ. ಮಕ್ಕಳದ್ದರಲ್ಲಿ ಕಾಲಿನ ಮಧ್ಯೆ ಬಿಗಿಯುವ ಪಟ್ಟಿಯೂ, ತಲೆಯ ಹಿಂದೆ ದಪ್ಪ ಕಾಲರೂ ಇರಬೇಕು. ಒಳಗಿನ ಫೋಮ್ ಒತ್ತಿ ಬಿಡಿ. ಸ್ಪಂಜಿನ ಹಾಗೆ ಎದ್ದು ಬರಬೇಕು. ಒತ್ತಿದ ಗುಂಡಿ ಹಾಗೇ ಉಳಿದರೆ ಫೋಮ್ ಸತ್ತಿದೆ. ಎಷ್ಟೋ ಕಡೆ ಕುಳಿತುಕೊಳ್ಳಲು ಈ ಜಾಕೆಟ್ಟುಗಳನ್ನೇ ಚಾಪೆಯಂತೆ ಹಾಸಿಕೊಳ್ಳುತ್ತಾರೆ, ಮತ್ತೇನಾಗುತ್ತದೆ! ನೀರು ತಾಗಿದರೆ ತಾನೇ ಗಾಳಿ ತುಂಬಿಕೊಳ್ಳುವ ತೆಳು ಜಾಕೆಟ್ ನೋಡಲು ಸ್ಟೈಲಾಗಿರುತ್ತದೆ. ಪ್ಯಾರಾಸೇಲಿಂಗ್‌ಗೆ ಬೇಡವೇ ಬೇಡ. ಮಜಾ ಬರಲಿ ಅಂತ ಬೋಟಿನವರು ಕಾಲು ನೀರಿಗೆ ಮುಳುಗಿಸಿ ಎತ್ತುತ್ತಾರಲ್ಲ, ಆಗ ನೀರು ಸಿಡಿದು ಅದು ಹಾರ್ನೆಸ್ ಒಳಗೇ ಉಬ್ಬಿಬಿಟ್ಟರೆ ಎದೆ ಬಿಗಿಯುತ್ತದೆ.

ಇಷ್ಟೆಲ್ಲ ಸರಿ ಇದ್ದರೂ ಜಾಕೆಟ್ ಏನೂ ಮಾಡಲಾಗದ ಎರಡು ಸಂದರ್ಭ ಇವೆ. ಒಂದು, ಜೋರು ಗಾಳಿಯಲ್ಲಿ ನೀರಿಗೆ ಬಿದ್ದರೆ ಕೊಡೆ ಮಡಚಿಕೊಳ್ಳುವುದಿಲ್ಲ. ಹಾಯಿಯ ಹಾಗೆ ಉಬ್ಬಿಕೊಂಡು ಕಟ್ಟಿಕೊಂಡವರನ್ನು ಅಲೆಯ ಮೇಲೆ ಎಳೆದೊಯ್ಯುತ್ತದೆ. ಮುಖ ನೀರಿನಲ್ಲಿ, ಕೊಂಡಿ ಬಿಚ್ಚುವುದಕ್ಕೆ ಆಗದಷ್ಟು ಬಿಗಿ. ಅದಕ್ಕೇ ಬೋಟಿನಲ್ಲಿ ಕೊಕ್ಕೆಯಂತೆ ಬಾಗಿದ, ಮೊನೆ ಒಳಗಿರುವ ಚಾಕು ಕೈಗೆಟುಕುವ ಜಾಗದಲ್ಲಿ ಇರಬೇಕು ಮತ್ತು ಓಡಿಸುವವನಲ್ಲದೆ ನಿಮ್ಮನ್ನೇ ನೋಡುತ್ತಾ ಕೂರುವ ಇನ್ನೊಬ್ಬ ಇರಬೇಕು. ಎರಡನೆಯದು, ನೀರಿಗೇ ಬೀಳದಿರುವುದು. 2013ರಲ್ಲಿ ಫ್ಲಾರಿಡಾದ ಪನಾಮ ಸಿಟಿ ಬೀಚಿನಲ್ಲಿ ಹಗ್ಗ ತುಂಡಾದಾಗ ಇಬ್ಬರು ಹುಡುಗಿಯರನ್ನು ಗಾಳಿ ದಡದ ಕಡೆಗೆ ಹೊತ್ತೊಯ್ದು ಬಹುಮಹಡಿ ಕಟ್ಟಡಕ್ಕೆ ಬಡಿಯಿತು. ಬದುಕಿದರು, ತುಂಬಾ ಪೆಟ್ಟಾಗಿತ್ತು.

ನಮ್ಮ ಕರಾವಳಿಗೆ ಈ ಮಾತು ಜಾಸ್ತಿ ಅನ್ವಯಿಸುತ್ತದೆ. ಕಾರವಾರದಿಂದ ಮಂಗಳೂರಿನ ತನಕ ಸಮುದ್ರ ನಮಗೆ ಪಶ್ಚಿಮಕ್ಕೆ. ಬೆಳಿಗ್ಗೆ ನೆಲದಿಂದ ಸಮುದ್ರಕ್ಕೆ ಮೆಲ್ಲಗೆ ಗಾಳಿ. ನೆಲ ಕಾದಂತೆ ಅದು ನಿಂತು, ಮಧ್ಯಾಹ್ನದ ಹೊತ್ತಿಗೆ ಸಮುದ್ರದಿಂದ ನೆಲಕ್ಕೆ ಬೀಸತೊಡಗುತ್ತದೆ. ಎರಡು ಮೂರು ಗಂಟೆಗೆ ಅದರ ಜೋರು. ಮಲ್ಪೆಯಲ್ಲಿ ನಿಂತವರಿಗೆ ಇದನ್ನು ಹೇಳಬೇಕಾಗಿಲ್ಲ, ಐಸ್‌ಕ್ರೀಮ್ ಕಪ್ಪೇ ಹಾರಿಹೋಗುತ್ತದೆ. ಆ ಹೊತ್ತಲ್ಲಿ ಹಗ್ಗ ತುಂಡಾದರೆ ಕೊಡೆ ಹೋಗುವುದು ತೆಂಗಿನ ಮರಗಳಿಗೆ, ಕರೆಂಟ್ ತಂತಿಗೆ. ಪ್ರವಾಸಿಗರು ಜಾಸ್ತಿ ಬರುವುದು ಊಟ ಮುಗಿಸಿ, ಅದೇ ಹೊತ್ತಿಗೆ.

ಹಾಗಾಗಿ ನನ್ನನ್ನು ಕೇಳಿದರೆ ಇಡೀ ಬೋಟಿನಲ್ಲಿ ಎಲ್ಲಕ್ಕಿಂತ ಮುಖ್ಯ ಸುರಕ್ಷತಾ ಸಾಧನ ಯಾರ ಮೈಮೇಲೂ ಇರುವುದಿಲ್ಲ. ಅದು ಅಂಗೈಯಗಲದ ಗಾಳಿ ಮೀಟರ್. ಪುಟ್ಟ ಫ್ಯಾನಿನಂಥ ಚಕ್ರ, ಕೆಳಗೆ ಅಂಕಿ. ಫ್ಲಾರಿಡಾ ರಾಜ್ಯ ಹಲವು ಸಾವುಗಳ ನಂತರ 2014ರಲ್ಲಿ ತಂದ ಕಾನೂನಿನಲ್ಲಿ ಜಾಕೆಟ್ಟಿಗಿಂತ ಹವಾಮಾನದ್ದೇ ಮಾತು. ಒಂದೇ ಸಮ ಬೀಸುವ ಗಾಳಿ ಗಂಟೆಗೆ 32 ಕಿಲೋಮೀಟರ್ ದಾಟಿದರೆ ಹಾರಿಸುವಂತಿಲ್ಲ. ನಡುನಡುವೆ ಬರುವ ಬಿರುಸು 40 ದಾಟಿದರೂ ಇಲ್ಲ. ಸಾಮಾನ್ಯ ಗಾಳಿಗಿಂತ ಬಿರುಸು 24 ಜಾಸ್ತಿ ಇದ್ದರೂ ಇಲ್ಲ. 11 ಕಿಲೋಮೀಟರ್ ಒಳಗೆ ಸಿಡಿಲಿದ್ದರೂ ಇಲ್ಲ. ಅಂಕಿ ಇಟ್ಟರೆ ಜಗಳವೇ ಇಲ್ಲ, ಮೀಟರ್ ನೋಡಿದರಾಯಿತು. ಒಂದು ಎಚ್ಚರ: ಬೋಟಿನ ಮಟ್ಟದಲ್ಲಿ ಕಂಡದ್ದಕ್ಕಿಂತ ಮೇಲೆ ಗಾಳಿ ಜಾಸ್ತಿ ಇರುತ್ತದೆ.

ಹೆಲ್ಮೆಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೋಟಿನಿಂದ ಏರಿ ಬೋಟಿಗೇ ಇಳಿಯುವ ಕಡೆ ಎಷ್ಟೋ ಜನ ಹಾಕುವುದಿಲ್ಲ. ಹಾಕುವುದಾದರೆ ನೀರಾಟದ್ದೇ ಆಗಲಿ, ತೂತುಗಳಿಂದ ನೀರು ಇಳಿದುಹೋಗುತ್ತದೆ. ಬೈಕ್ ಹೆಲ್ಮೆಟ್ ಹಾಕಿಸಿದರೆ ನೀರಿಗೆ ಬಿದ್ದಾಗ ತಲೆಗೆ ಬಕೆಟ್ ಕವುಚಿದಂತೆ, ಅದು ಕುತ್ತಿಗೆಯನ್ನೇ ಎಳೆಯುತ್ತದೆ. ಆದರೆ ಮೈದಾನದಲ್ಲಿ ಜೀಪಿಗೆ ಹಗ್ಗ ಕಟ್ಟಿ ಹಾರಿಸುವ ಕಡೆ ಹೆಲ್ಮೆಟ್ ಇಲ್ಲದೆ ಕಾಲಿಡಬೇಡಿ. ಅಲ್ಲಿ ಕೆಳಗಿರುವುದು ಗಟ್ಟಿ ನೆಲ. ಕಣಕಾಲು ಮುಚ್ಚುವ ಶೂ ಕೂಡ ಬೇಕು, ಇಳಿಯುವಾಗ ಭಾರ ಬೀಳುವುದು ಕಾಲಿನ ಮೇಲೆ. ದಡದ ಮರಳಿನಿಂದ ಓಡಿಸಿ ಎತ್ತುವ ಕಡೆಯೂ ಇದೇ ಮಾತು.

ಕಾಲೇಜಿನ ಸಾಹಸ ಕ್ಲಬ್ಬಿಗೋ ಊರ ಹೋಮ್‌ಸ್ಟೇಗೋ ಸಾಮಾನು ಕೊಳ್ಳುವವರು ಇದ್ದರೆ, ಬಜೆಟ್ ಹಂಚುವಾಗ ಕೊಡೆಯ ಬಣ್ಣಕ್ಕೆ ಕೊನೆ ಜಾಗ ಕೊಡಿ. ಸೆಕೆಂಡ್ ಹ್ಯಾಂಡ್ ಬೋಟ್ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಹಗ್ಗ, ಹಾರ್ನೆಸ್ ನಡೆಯುವುದಿಲ್ಲ. ಅವು ಎಷ್ಟು ಬಿಸಿಲು ಕಂಡಿವೆ ಅಂತ ಮಾರಿದವನೂ ಹೇಳಲಾರ. ಹುಡುಗರನ್ನು ತರಬೇತಿಗೆ ಕಳಿಸಬೇಕಾದರೆ ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಬೋಟ್ ಓಡಿಸುವುದು, ಜೀವ ಉಳಿಸುವುದು ಎರಡನ್ನೂ ಕಲಿಸುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಅವಳು ಮತ್ತೆ ಕೇಳಿದಳು. ಬೇರೆ ಬೀಚು, ಬೇರೆ ಬೋಟು. ಟಿಕೆಟ್ ಕೊಡುವವರ ಮೇಜಿನ ಕೆಳಗೆ ಒಂದು ರಟ್ಟಿನ ಡಬ್ಬ. ಅದರ ತುಂಬ ಮಾರುದ್ದದ ಹಗ್ಗದ ತುಂಡುಗಳು. ಏನಿದು ಎಂದೆ. "ತುದಿ ಅಕ್ಕಾ, ವಾರ ವಾರ ಕೊಯ್ದು ಹಾಕ್ತೇವೆ. ಬಟ್ಟೆ ಒಣಗಿಸ್ಲಿಕ್ಕೆ ಬೇಕಾದ್ರೆ ತಗೊಂಡು ಹೋಗಿ" ಎಂದರು ಬೋಟಿನವರು. ಗಂಟೆ ಮೂರಾಗಿತ್ತು. ಜೇಬಿನಿಂದ ಮೀಟರ್ ತೆಗೆದು ಗಾಳಿಗೆ ಹಿಡಿದರು. 34 ತೋರಿಸಿತು. "ಇವತ್ತು ಆಗ್ಲಿಕ್ಕಿಲ್ಲ, ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ."

ಎಂಟಕ್ಕೆ ಹೋದೆವು. ಭುಜ ಹಿಡಿದು ಎತ್ತಿದರೆ ಜಾಕೆಟ್ ಅಲುಗಲಿಲ್ಲ, ಹುಡುಗಿಯೇ ಮೇಲೆ ಬಂದಳು. ಹತ್ತು ನಿಮಿಷ ಹಾರಿ ಇಳಿದಳು. ಹಗ್ಗದ ತುಂಡು ಈಗ ನಮ್ಮ ಮನೆ ಟೆರೇಸಿನಲ್ಲಿದೆ.